ಮುಧೋಳ ಶ್ವಾನಶ್ರೀಗೆ ಬಿನ್ನವತ್ತಳೆ

ವೇದಿಕೆಯ ಮೇಲೆ ನಾಲಿಗೆ ಚಾಚಿ ಕುಳಿತಿರುವ ಸನ್ಮಾನಿತರೇ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ತೆರಿಗೆದಾರ ಬಾಂಧವರೇ,

ಈ ಸಲ ಸನ್ಮಾನ ಯಾರಿಗೆ ಎಂಬ ಬಗ್ಗೆ ನಮ್ಮ ಸಮಿತಿಯಲ್ಲಿ ಜಗಳವೇ ಆಗಲಿಲ್ಲ. ಈ ಭಾಗದಲ್ಲಿ ಜಾತಿ ಕೇಳಿದರೂ ಬೇಜಾರಾಗದ ಗಣ್ಯರು ತಾವೊಬ್ಬರೇ.

ತಮ್ಮ ಸಾಧನೆಯೇನು ಸಣ್ಣದೇ? ಮುಧೋಳದ ಘೋರ್ಪಡೆ ಅರಸರು ತಮ್ಮ ಪೂರ್ವಜರ ಜೋಡಿಯೊಂದನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರು. 2005ರಲ್ಲಿ ತಾವು ಅಂಚೆ ಚೀಟಿ ಏರಿದಿರಿ. 2016ರಲ್ಲಿ ತಮ್ಮ ಕುಲದ ಮರಿಗಳು ಸೇನೆಯ ತರಬೇತಿಗೆಂದು ಮೀರತ್‌ಗೆ ಹೋದವು. 2018ರಲ್ಲಿ ಜಮಖಂಡಿಯ ಚುನಾವಣಾ ಸಭೆಯಲ್ಲಿ ಪ್ರಧಾನಿಗಳೇ ತಮ್ಮ ಹೆಸರೆತ್ತಿದರು.

ತಾವು ಮೀರತ್‌ಗೆ ಹೋದಿರಿ. ನಾವೂ ಹೋಗುತ್ತೇವೆ, ಹೆಸರಷ್ಟೇ ತುಸು ಬೇರೆ: ಮಿರಜ. ಎದೆ ಹಿಡಿದರೆ, ಕಿಡ್ನಿ ಕೈಕೊಟ್ಟರೆ, ಹೆರಿಗೆ ಕಷ್ಟವಾದರೆ ಕಟ್ಟೆಯ ಮೇಲಿನ ಹಿರಿಯರು ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತು ಒಂದೇ: "ತಡಾ ಮಾಡಬ್ಯಾಡ್ರಿ, ಮಿರಜಕ್ಕ ಒಯ್ರಿ." ವ್ಯಾನ್‌ಲೆಸ್ ಎಂಬ ಮಿಷನರಿ ಡಾಕ್ಟರು 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು, ಆ ದಾರಿ ನಮಗೆ ಇನ್ನೂ ಮರೆತಿಲ್ಲ. ವ್ಯತ್ಯಾಸ ಇಷ್ಟೇ. ತಮ್ಮ ಪ್ರಯಾಣ ಸರ್ಕಾರದ ಖರ್ಚಿನಲ್ಲಿ, ನಮ್ಮದು ಕಬ್ಬಿನ ಬಿಲ್ಲು ತೋರಿಸಿ ತಂದ ಸಾಲದಲ್ಲಿ.

ಸೈನ್ಯ ಬೇಡವೆನ್ನುವ ನೆಲ ಇದಲ್ಲ. 1857ರಲ್ಲಿ ಆಯುಧ ಒಪ್ಪಿಸಿರೆಂದ ಕುಂಪಣಿ ಸರ್ಕಾರಕ್ಕೆ ಹಲಗಲಿಯ ಬೇಡರು ಕೊಟ್ಟ ಉತ್ತರ ಲಾವಣಿಯಾಗಿ ಉಳಿದಿದೆ. ಸಾವಳಗಿಯ ಬಿ.ಡಿ. ಜತ್ತಿಯವರು 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿ ಮೂರೂ ಸೇನೆಗಳ ಸರ್ವೋಚ್ಚ ದಂಡನಾಯಕರಾಗಿದ್ದರು. ಮುಧೋಳದ ರನ್ನ ಬರೆದದ್ದೇ ಗದಾಯುದ್ಧ. ಆದರೆ ನಿಘಂಟು ತೆರೆದು ನೋಡಿ: ಗದೆ ಎಂದರೆ ಆಯುಧ, ಗದ ಎಂದರೆ ರೋಗ. ಒಂದು ಏತ್ವದ ವ್ಯತ್ಯಾಸಕ್ಕೆ ಬಜೆಟ್ಟಿನಲ್ಲಿ ಎಷ್ಟು ಅಂತರ! 2025-26ರಲ್ಲಿ ಕೇಂದ್ರ ಸರ್ಕಾರ ಗದೆಗೆ ಇಟ್ಟದ್ದು 6.81 ಲಕ್ಷ ಕೋಟಿ, ಗದಕ್ಕೆ ಸುಮಾರು 1 ಲಕ್ಷ ಕೋಟಿ ರೂಪಾಯಿ.

ಆಸ್ಪತ್ರೆ ರಾಜ್ಯಗಳ ಪಟ್ಟಿಯಲ್ಲಿದೆ, ಅಲ್ಲಿಯ ಖರ್ಚು ಬೇರೆ ಎಂದು ಪಂಡಿತರು ಎದ್ದು ನಿಲ್ಲುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎಲ್ಲ ಸರ್ಕಾರಗಳೂ ಸೇರಿ ದೇಶದ ಒಟ್ಟು ಉತ್ಪನ್ನದಲ್ಲಿ ಶೇ. 2.5ರಷ್ಟನ್ನು 2025ರೊಳಗೆ ಆರೋಗ್ಯಕ್ಕೆ ಮುಟ್ಟಿಸಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಬರೆದುಕೊಂಡಿತ್ತು. ಗಡುವು ದಾಟಿತು, ದುಡ್ಡು ದಾರಿಯಲ್ಲಿದೆ.

ಶ್ವಾನಶ್ರೀಗಳೇ, ಸೇನೆಯಿಂದ ತಾವು ಕಲಿತದ್ದನ್ನು ನಮ್ಮ ಹಣಕಾಸಿನವರಿಗೆ ತುಸು ಕಲಿಸಿಕೊಡಬೇಕು. ಈ ವರ್ಷ ಯುದ್ಧವಾಗಲಿಲ್ಲ, ಬಂದೂಕು ದಂಡವಾಯಿತು ಎಂದು ಯಾರೂ ಅಳುವುದಿಲ್ಲ. ವೈರಿ ಬರುವ ಮೊದಲೇ ಸಜ್ಜಾಗಿರುವುದಕ್ಕೇ ಸೈನ್ಯ ಎನ್ನುತ್ತಾರೆ. ಆಸ್ಪತ್ರೆಯ ಮಂಚವೊಂದು ಖಾಲಿಯಿದ್ದರೆ ಮಾತ್ರ ಅದು ಅಪವ್ಯಯ. ಡಾಕ್ಟರ ಹುದ್ದೆ ಖಾಲಿಯಿದ್ದರೆ ಅದು ಉಳಿತಾಯ! ಸೈನಿಕನಿಗೆ ಕಾಸಿಲ್ಲದೆ ಚಿಕಿತ್ಸೆ ಸಿಗುತ್ತದೆ, ಸಿಗಲೇಬೇಕು. ತಮ್ಮಂಥವರಿಗೂ ಸೇನೆಯಲ್ಲಿ ಪಶುವೈದ್ಯರ ದಳವೇ ಇದೆ. ಅಂದಮೇಲೆ ಈ ವಿದ್ಯೆ ದೇಶಕ್ಕೆ ಬಾರದ್ದೇನಲ್ಲ.

ಕೊಡುವುದರಲ್ಲಿ ನಾವೂ ಹಿಂದೆ ಬಿದ್ದವರಲ್ಲ. ಬೀಳಗಿಯವರು ಆಲಮಟ್ಟಿಯ ಹಿನ್ನೀರಿಗೆ ಹೊಲ-ಮನೆ ಕೊಟ್ಟರು. ಬನಹಟ್ಟಿಯ ನೇಕಾರ ಹತ್ತಿ ನೂಲಿನ ಮೇಲೆ ಶೇ. 5 ಜಿಎಸ್‌ಟಿ ತೆತ್ತು, ಮಗ್ಗದ ಧೂಳನ್ನು ಪುಕ್ಕಟೆ ಕುಡಿಯುತ್ತಾನೆ. ಅವನ ಕೆಮ್ಮು ಯಾವ ಗಡಿಯ ವೈರಿಗಿಂತ ಕಡಿಮೆ?

ತಾವು ಮೂಸಿ ಹುಡುಕುವ ಜಾತಿಯಲ್ಲ, ದೂರದ ಬೇಟೆಯನ್ನು ಕಣ್ಣಿನಿಂದಲೇ ಹಿಡಿಯುವವರು. ಸ್ವಲ್ಪ ಈ ಕಡೆಗೂ ನೋಡಿ: ನಮ್ಮ ರೂಪಾಯಿ ಊರು ಬಿಟ್ಟು ಎತ್ತ ಓಡಿತು?

ಈ ಶಾಲು, ಈ ಹಾರ, ಈ ಮಹಾಲಿಂಗಪುರದ ಬೆಲ್ಲದ ಪೆಂಟೆ ಸ್ವೀಕರಿಸಬೇಕು. ಬೆಲ್ಲ ತಮ್ಮ ಆರೋಗ್ಯಕ್ಕೆ ಆಗದಿದ್ದರೆ ಮೀರತ್‌ನ ಡಾಕ್ಟರನ್ನು ಕೇಳಿಯೇ ತಿನ್ನಿರಿ. ವಂದನಾರ್ಪಣೆಗೆ ನಿಲ್ಲಲಾಗುತ್ತಿಲ್ಲ, ಕ್ಷಮೆಯಿರಲಿ. ಅವ್ವನ ಎದಿನೋವು ಮತ್ತ ಸುರು ಆಗೈತಂತ. ಹೊರಗ ಗಾಡಿ ನಿಂತೈತಿ. ಎಲ್ಲಿಗೆ ಅಂತ ತಮಗ ಹೇಳಬೇಕಾಗಿಲ್ಲ.