ಮೂರು ಖಂಡ, ಒಂದು ಲಾಗಿನ್

ಹೊರದೇಶದಲ್ಲಿ ನೆಲೆಸಿದ ಕನ್ನಡದ ಇಂಜಿನಿಯರಿಗೆ ಎರಡು ನೌಕರಿ. ಒಂದಕ್ಕೆ ಸಂಬಳ ಬರುತ್ತದೆ, ರಜೆ ಇರುತ್ತದೆ, ಬಡ್ತಿಯ ಆಸೆಯೂ ಇರುತ್ತದೆ. ಇನ್ನೊಂದು ಊರಿನಲ್ಲಿರುವ ಅಪ್ಪನ ಕಂಪ್ಯೂಟರ್ ರಿಪೇರಿ. ಅದಕ್ಕೆ ಇದ್ಯಾವುದೂ ಇಲ್ಲ, ನಿವೃತ್ತಿಯೂ ಇಲ್ಲ. ನಮ್ಮವರು ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಕೂತು ಯಾರದೋ ಸರ್ವರ್‌ಗಳು ಮಲಗದಂತೆ ಕಾಯುವವರು. ಮೈದುನ ಸಿಡ್ನಿಯಲ್ಲಿ, ನಾದಿನಿ ಡಬ್ಲಿನ್ನಿನಲ್ಲಿ. ಇಬ್ಬರದೂ ಹೆಚ್ಚುಕಡಿಮೆ ಅದೇ ಕಸುಬು. ಮೂರು ಖಂಡಗಳಿಗೆ ಹಂಚಿಹೋದ ಈ ಮೂರು ತಲೆಗಳು ಸೇರಿ ಶಿವಮೊಗ್ಗದ ವಿನೋಬನಗರದಲ್ಲಿರುವ ಒಂದು ಹಳೇ ಡೆಸ್ಕ್‌ಟಾಪನ್ನು ಎಬ್ಬಿಸಲಾರದೆ ಹೋದದ್ದನ್ನು ನಾನು ಸೊಸೆಯ ಜಾಗದಿಂದ ನೋಡಿದ್ದೇನೆ. ಎಲ್ಲವೂ ಕಾಣುತ್ತದೆ, ಆದರೆ ಅಭಿಪ್ರಾಯ ಮಾತ್ರ ಯಾರೂ ಕೇಳುವುದಿಲ್ಲ. ಹಾಸ್ಯ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಆಸನವಿಲ್ಲ.

ಆ ಕಂಪ್ಯೂಟರಿಗೆ ನಡುಮನೆಯಲ್ಲಿ ಟಿವಿಗಿಂತ ದೊಡ್ಡ ಸ್ಥಾನ. ಅತ್ತೆ ಕ್ರೋಶದಲ್ಲಿ ಹೆಣೆದ ಹೊದಿಕೆ, ಮೇಲೊಂದು ಪುಟ್ಟ ಗಣಪತಿ. ಮಾವನವರು ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಬೆಳಿಗ್ಗೆ ಪೇಪರ್ ಓದಲು, ಆಮೇಲೆ ಅಡಿಕೆ ಮಂಡಿಯ ದರ ನೋಡಲು ಅವರಿಗೆ ಕಂಪ್ಯೂಟರ್ ಬೇಕು. ಅವರಿಗೆ ಒಂದು ಅಡಿಕೆ ಮರವೂ ಇಲ್ಲ. ಆದರೆ ರಾಶಿ ಎಷ್ಟಾಯಿತು, ಬೆಟ್ಟೆ ಏರಿತೋ ಇಳಿಯಿತೋ, ಗೊರಬಲು ಎಲ್ಲಿಗೆ ಬಂತು ಎಂದು ತಿಳಿಯದೆ ಶಿವಮೊಗ್ಗದಲ್ಲಿ ಕಾಫಿ ಗಂಟಲಿನಿಂದ ಕೆಳಗಿಳಿಯುವುದಿಲ್ಲ. ಕಂಪ್ಯೂಟರ್ ಪಿನ್ ಇಟ್ಟುಕೊಳ್ಳಿ ಎಂದಾಗ, 1972ರಲ್ಲಿ ಬಂದ ಪಿನ್ ಕೋಡಿನೊಂದಿಗೇ ಜೀವಮಾನ ಕಳೆದ ಅವರು ಬೇರೆ ಯೋಚನೆಯನ್ನೇ ಮಾಡದೆ 577201 ಒತ್ತಿದ್ದರು. ಇಡೀ ಊರಿಗೆ ಗೊತ್ತಿರುವ ಗುಟ್ಟು.

ನವೆಂಬರ್ ಬಂದರೆ ಆ ಯಂತ್ರಕ್ಕೆ ಇನ್ನೊಂದು ಘನವಾದ ಜವಾಬ್ದಾರಿ. ಕೇಂದ್ರ ಸರ್ಕಾರದ ಪಿಂಚಣಿದಾರರು ತಾವು ಬದುಕಿದ್ದೇವೆ ಎಂದು ಸರ್ಕಾರಕ್ಕೆ ತಿಳಿಸಬೇಕಾದ ತಿಂಗಳು ಅದು. 2014ರಲ್ಲಿ ‘ಜೀವನ್ ಪ್ರಮಾಣ್’ ಬಂದ ಮೇಲೆ ಇದನ್ನು ಮನೆಯಲ್ಲೇ ಕೂತು, ಬೆರಳಚ್ಚಿನ ಒಂದು ಪುಟ್ಟ ಉಪಕರಣ ಸಿಕ್ಕಿಸಿ ಮುಗಿಸಬಹುದು. ಮಕ್ಕಳು ಅದನ್ನೂ ತಂದುಕೊಟ್ಟಿದ್ದರು. ಅಡಚಣೆ ಒಂದೇ. ಮಾವನವರು ಬದುಕಿದ್ದಾರೆ ಎಂಬುದಕ್ಕೆ ಮನೆಮಂದಿಯೆಲ್ಲ ಸಾಕ್ಷಿ ಇದ್ದರು. ಕಂಪ್ಯೂಟರ್ ಬದುಕಿದೆಯೇ ಎಂಬುದೇ ಅನುಮಾನವಾಗಿತ್ತು.

ಪಿನ್ ಒತ್ತಿ ಅವರು ಕೂರುತ್ತಿದ್ದರು. ಪರದೆ ‘ಸ್ವಾಗತ’ ಎನ್ನುತ್ತಿತ್ತು, ಒಳಗೆ ಮಾತ್ರ ಬಿಡುತ್ತಿರಲಿಲ್ಲ. ಅತ್ತೆ ದೇವರ ಮನೆಯಲ್ಲಿ ವಿಷ್ಣು ಸಹಸ್ರನಾಮ ಶುರುಮಾಡಿದರೆ ಫಲಶ್ರುತಿಯ ಹೊತ್ತಿಗೆ ಡೆಸ್ಕ್‌ಟಾಪ್ ಕಾಣಿಸುತ್ತಿತ್ತು. ಒಂದು ದಿನ ಫಲಶ್ರುತಿ ಮುಗಿದು ಮಂಗಳಾರತಿಯಾದರೂ ದರ್ಶನವಾಗಲಿಲ್ಲ. ಬದಲಿಗೆ ಒಂದು ಸಂದೇಶ ಬಂತು. ಮಾವನವರು ಟೆಲಿಗ್ರಾಂ ಓದುವ ದನಿಯಲ್ಲಿ ಫೋನಿನಲ್ಲಿ ಅದನ್ನು ಓದಿ ಹೇಳಿದರು: ಸಿಸ್ಟಮ್ ಇವೆಂಟ್ ನೋಟಿಫಿಕೇಶನ್ ಸರ್ವಿಸನ್ನು ಸಂಪರ್ಕಿಸಲು ಆಗುತ್ತಿಲ್ಲ, ನಿಮ್ಮ ಸಿಸ್ಟಮ್ ಅಡ್ಮಿನಿಸ್ಟ್ರೇಟರನ್ನು ವಿಚಾರಿಸಿ.

“ಅದ್ಯಾರೋ ಅಡ್ಮಿನಿಸ್ಟ್ರೇಟರ್?” ಎಂದರು.

“ಮೊದಲು ಸ್ನಾನ ಮಾಡಿ ಬನ್ನಿ, ಆಮೇಲೆ ವಿಚಾರಿಸಿದರಾಯ್ತು,” ಎಂದು ಅಡಿಗೆಮನೆಯಿಂದ ಅತ್ತೆಯ ದನಿ ಕೇಳಿತು. ಮನೆಯ ಮಟ್ಟಿಗೆ ಪ್ರಶ್ನೆಗೆ ಉತ್ತರ ಸಿಕ್ಕಿತು.

ಕಂಪ್ಯೂಟರಿನ ಮಟ್ಟಿಗೆ ಉತ್ತರ ಕಷ್ಟವಿತ್ತು. ಸಂದೇಶದಲ್ಲಿದ್ದ ಆ ಸರ್ವಿಸ್ ವಿಂಡೋಸಿನೊಳಗಿನ ಡಂಗುರದವನು. ಯಾರು ಲಾಗಿನ್ ಆದರು, ಯಾರು ಹೊರಹೋದರು, ನೆಟ್‌ವರ್ಕ್ ಬಂತೋ ಹೋಯಿತೋ ಎಂದು ಮಿಕ್ಕ ಪ್ರೋಗ್ರಾಂಗಳಿಗೆ ಸಾರುವುದು ಅದರ ಕೆಲಸ. ಅದು ಕೈಕೊಟ್ಟರೆ ಅಡ್ಮಿನಿಸ್ಟ್ರೇಟರುಗಳು ಹೇಗೋ ಒಳಗೆ ಹೋಗಬಹುದು, ಸಾಮಾನ್ಯ ಬಳಕೆದಾರ ಬಾಗಿಲಲ್ಲೇ ನಿಲ್ಲಬೇಕು. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಅಡ್ಮಿನಿಸ್ಟ್ರೇಟರುಗಳು ಯಾರು? ಪ್ರತಿ ಡಿಸೆಂಬರಿನಲ್ಲಿ ಊರಿಗೆ ಬಂದ ಮಗ, ಮಗಳು, ಅಳಿಯ ಎಲ್ಲರೂ ತಮಗೊಂದು ಅಡ್ಮಿನಿಸ್ಟ್ರೇಟರ್ ಖಾತೆ ತೆರೆದುಕೊಂಡಿದ್ದರು. ಸುರಕ್ಷತೆಯ ದೃಷ್ಟಿಯಿಂದ ಅಪ್ಪನಿಗೆ ಸಾಮಾನ್ಯ ಖಾತೆ ಸಾಕು ಎಂದು ತೀರ್ಮಾನಿಸಿದ್ದರು. ಹೀಗಾಗಿ ಮನೆಯ ಖಾತೆ, ಕಂದಾಯ, ಕರೆಂಟ್ ಬಿಲ್ಲು ಎಲ್ಲ ಯಾರ ಹೆಸರಿನಲ್ಲಿತ್ತೋ ಅವರೊಬ್ಬರನ್ನು ಬಿಟ್ಟು, ಸಾವಿರಾರು ಮೈಲಿ ದೂರದಲ್ಲಿರುವ ಎಲ್ಲರಿಗೂ ಆ ಕಂಪ್ಯೂಟರಿನಲ್ಲಿ ಪ್ರವೇಶವಿತ್ತು.

ವಾಟ್ಸಾಪ್ ಗುಂಪಿನಲ್ಲಿ ಸಭೆ ಸೇರಿತು. ಶಿವಮೊಗ್ಗದಲ್ಲಿ ಬೆಳಿಗ್ಗೆ ಏಳೂವರೆ ಅಂದರೆ ನವೆಂಬರಿನಲ್ಲಿ ನಮಗೆ ರಾತ್ರಿ ಒಂಬತ್ತು, ಸಿಡ್ನಿಯಲ್ಲಿ ಮಧ್ಯಾಹ್ನ ಒಂದು, ಡಬ್ಲಿನ್ನಿನಲ್ಲಿ ನಡುರಾತ್ರಿ ಕಳೆದು ಎರಡು. ಅಕ್ಟೋಬರಿನಲ್ಲಿ ನಮಗೆ ಹತ್ತಾಗಿದ್ದದ್ದು ನವೆಂಬರಿನಲ್ಲಿ ಒಂಬತ್ತು ಹೇಗಾಯಿತು ಎಂದು ಅತ್ತೆ ಪ್ರತಿವರ್ಷ ಕೇಳುತ್ತಾರೆ. ಗಡಿಯಾರವನ್ನೇ ಹಿಂದೆ ಮುಂದೆ ಮಾಡುವ ದೇಶದವರು ಕಂಪ್ಯೂಟರನ್ನು ಸರಿಮಾಡುತ್ತಾರೆಯೇ ಎಂಬ ಅವರ ಸಂಶಯ ಹಳೆಯದು.

ನಮ್ಮವರ ಮೊದಲ ಸಲಹೆ: ರೀಸ್ಟಾರ್ಟ್ ಮಾಡಿ. ಎರಡನೆಯದು: ಇನ್ನೊಮ್ಮೆ ರೀಸ್ಟಾರ್ಟ್ ಮಾಡಿ. ಸಿಡ್ನಿಯ ತೀರ್ಪು: ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು. ಡಬ್ಲಿನ್ ಎದ್ದ ಮೇಲೆ ಬರೆದದ್ದು: ಅದನ್ನು ಎಸೆದು ಲ್ಯಾಪ್‌ಟಾಪ್ ತೆಗೆದುಕೊಳ್ಳಿ, ದುಡ್ಡು ನಾನು ಹಾಕುತ್ತೇನೆ. ಮಾವನವರು ಮಾತ್ರ ಶಾಂತವಾಗಿ, “ದಿನಾ ರಾತ್ರಿ ಆಫ್ ಮಾಡಿ ಬೆಳಿಗ್ಗೆ ಆನ್ ಮಾಡುತ್ತೇನಲ್ಲ, ಅದು ರೀಸ್ಟಾರ್ಟೇ ಅಲ್ಲವಾ?” ಎಂದರು. ಅಲ್ಲ! ವಿಂಡೋಸ್ 10ರಲ್ಲಿ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ‘ಶಟ್ ಡೌನ್’ ಒತ್ತಿದಾಗ ಯಂತ್ರ ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಮರುದಿನ ಅದನ್ನೇ ಎತ್ತಿಕೊಂಡು ಏಳುತ್ತದೆ. ನಿನ್ನೆಯ ರಗಳೆ ಇವತ್ತಿಗೂ ಬರುತ್ತದೆ. ಪೂರ್ತಿ ಹೊಸದಾಗಿ ಏಳುವುದು ‘ರೀಸ್ಟಾರ್ಟ್’ ಒತ್ತಿದಾಗ ಮಾತ್ರ. ಇದು ಮೂವರಿಗೂ ಗೊತ್ತಿತ್ತು. ಅಪ್ಪನಿಗೆ ಹೇಳಲು ಯಾರಿಗೂ ತೋಚಿರಲಿಲ್ಲ.

ಕೊನೆಗೆ ನಮ್ಮವರ ಖಾತೆಯ ಪಾಸ್‌ವರ್ಡ್ ಒತ್ತಿ ಮಾವನವರು ಒಳಗೆ ಹೋದರು. ಪರದೆಯನ್ನು ವೀಡಿಯೊ ಕಾಲಿನಲ್ಲಿ ತೋರಿಸಿ ಎಂದರೆ ನಮಗೆ ಕಂಡದ್ದು ಫ್ಯಾನು, ವೆಂಕಟರಮಣನ ಕ್ಯಾಲೆಂಡರು ಮತ್ತು ಮಾವನವರ ಗದ್ದ. ದೂರದಿಂದಲೇ ಕೈಹಾಕುವ ‘ಕ್ವಿಕ್ ಅಸಿಸ್ಟ್’ ಇತ್ತು. ಅದರ ಕೋಡ್ ಹತ್ತು ನಿಮಿಷಕ್ಕೆ ಸಾಯುತ್ತದೆ. ಮಾವನವರ ಕನ್ನಡಕ ಸಿಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಉಳಿದದ್ದು ಬಾಯಲ್ಲಿ ಹೇಳಿ ಬರೆಸುವ ಹಾದಿ. ಬರೆಸಬೇಕಾದ ಆಜ್ಞೆ ‘ನೆಟ್‌ಶ್ ವಿನ್‌ಸಾಕ್ ರೀಸೆಟ್’. ಜಿಲ್ಲೆಯ ಊರುಗಳನ್ನು ಹಿಡಿದರೆ ಸುಲಭವಾದೀತು ಎಂದು ನಮ್ಮವರ ಲೆಕ್ಕ.

“ಎನ್ ಅಂದರೆ ನಗರ.”

“ಬಿದನೂರು ನಗರ ತಾನೆ? ಸರಿ.”

“ಇ ಅಂದರೆ ಈಸೂರು.”

“ಈಸೂರಿಗೆ ಇಂಗ್ಲಿಷಿನಲ್ಲಿ ಐ ಕಣೋ. ಅಂಚೆ ಮುದ್ರೆ ನೋಡಿದವನು ನಾನು.”

“ಅಪ್ಪಾ, ಇಲ್ಲಿ ಇ ಹಾಕಿ.”

“1942ರಲ್ಲಿ ಬ್ರಿಟಿಷರಿಗೇ ಬಗ್ಗದೆ ತಾವೇ ಸರ್ಕಾರ ಮಾಡಿಕೊಂಡ ಊರು ಅದು. ಸಣ್ಣ ಹುಡುಗನನ್ನು ಅಮಲ್ದಾರ ಮಾಡಿದ್ದರು, ಗೊತ್ತಾ?” ಎಂದು ಶಿಕಾರಿಪುರ ತಾಲ್ಲೂಕಿನ ಆ ಹೋರಾಟದ ಕಥೆ ಶುರುವಾಯಿತು. ಹುಡುಗರಿಗೆ ಅಡ್ಮಿನಿಸ್ಟ್ರೇಟರ್ ಪಟ್ಟ ಕಟ್ಟುವ ಪದ್ಧತಿ ನಮ್ಮ ಜಿಲ್ಲೆಗೆ ಹೊಸದಲ್ಲ ಎಂದು ನನಗೆ ಅನ್ನಿಸಿತು, ಹೇಳಲಿಲ್ಲ. ಟಿ ತೀರ್ಥಹಳ್ಳಿ ಗಲಾಟೆಯಿಲ್ಲದೆ ಆಯಿತು. ಎಸ್ ಬಂದಾಗ ಸಾಗರವೋ ಸೊರಬವೋ ಶಿಕಾರಿಪುರವೋ ಎಂಬ ಚರ್ಚೆ ನಡೆಯಿತು. ಹೊಸನಗರದ ಎಚ್ ಮುಟ್ಟುವಷ್ಟರಲ್ಲಿ ಕರೆಂಟು ಹೋಯಿತು. ವಿದ್ಯುದ್ದೀಪದ ಎಡಿಸನ್ನನ ಹೆಸರು ಹೊತ್ತ ಊರಿನಲ್ಲಿ ಕೂತು ಶಿವಮೊಗ್ಗದ ಕತ್ತಲೆಯನ್ನು ನೋಡುತ್ತ ನಮ್ಮವರು ತಲೆಮೇಲೆ ಕೈಹೊತ್ತರು.

ಈ ನಡುವೆ ಅತ್ತೆ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದ್ದರು. 2020ರಿಂದ ಪೋಸ್ಟ್‌ಮನ್‌ಗಳೇ ಮನೆಬಾಗಿಲಿಗೆ ಬಂದು ಜೀವನ ಪ್ರಮಾಣಪತ್ರ ಮಾಡಿಕೊಡುತ್ತಾರೆ. ಬೀದಿಗೆ ಬಂದ ಪೋಸ್ಟ್‌ಮನ್ನನ್ನು ಅತ್ತೆ ಒಳಗೆ ಕರೆದು ಕಾಫಿ ಕೊಟ್ಟರು. ಅವನು ಹಳೇ ಹಿರಿಯರಿಗೆ ನಮಸ್ಕಾರ ಹೇಳಿ, ಫೋನು ತೆಗೆದು, ಬೆರಳು ಒತ್ತಿಸಿಕೊಂಡ. ಎಪ್ಪತ್ತು ರೂಪಾಯಿ ಶುಲ್ಕ. ಲೋಟ ಖಾಲಿಯಾಗುವ ಮೊದಲೇ ಮಾವನವರು ಬದುಕಿದ್ದಾರೆಂದು ಕೇಂದ್ರ ಸರ್ಕಾರ ಒಪ್ಪಿತು. ಮಗ್ಗುಲಿನಲ್ಲಿ ಕಂಪ್ಯೂಟರ್ ಇನ್ನೂ ‘ಸ್ವಾಗತ’ ಎನ್ನುತ್ತಲೇ ಇತ್ತು.

ಆದರೂ ಅಡಿಕೆ ದರ ನೋಡಬೇಕಲ್ಲ. ಭಾನುವಾರ ಭದ್ರಾವತಿಯಿಂದ ಚಿಕ್ಕಪ್ಪ ಬಂದರು. ಅವರು ಇಂಜಿನಿಯರ್ ಅಲ್ಲ. ಅಲ್ಲಿನ ಕಬ್ಬಿಣದ ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ ಪಾಳಿ ಮಾಡಿ ನಿವೃತ್ತರಾದವರು. 1918ರಲ್ಲಿ ಸರ್ ಎಂ.ವಿ. ಅವರ ಯೋಜನೆಯಾಗಿ ಮೊಳೆತು, 1923ರಲ್ಲಿ ಮಲೆನಾಡಿನ ಕಾಡಿನ ಇದ್ದಿಲು ಉರಿಸಿ ಕೆಮ್ಮಣ್ಣುಗುಂಡಿಯ ಅದಿರಿನಿಂದ ಕಬ್ಬಿಣ ತೆಗೆದ ಕಾರ್ಖಾನೆ ಅದು. ಅಲ್ಲಿ ಕೆಲಸ ಮಾಡಿದವರಿಗೆ ಒಂದು ಗೀಳು ಉಂಟು: ಏನೇ ಮಾಡಿದರೂ ಬರೆದಿಡುವುದು. ಪಾಳಿ ಬದಲಾಗುವಾಗ ಹಿಂದಿನವನು ಲಾಗ್‌ಬುಕ್ಕಿನಲ್ಲಿ ಬರೆದದ್ದನ್ನು ಓದದೆ ಮುಂದಿನವನು ಏನನ್ನೂ ಮುಟ್ಟುವ ಹಾಗಿಲ್ಲ. ಚಿಕ್ಕಪ್ಪ ಬರುವಾಗ ದಾರಿಯಲ್ಲಿ ಒಂದು ನೋಟ್‌ಬುಕ್ ಕೊಂಡು ತಂದಿದ್ದರು.

ನಮ್ಮವರು ವೀಡಿಯೊದಲ್ಲಿ, “ಚಿಕ್ಕಪ್ಪ, ಮೊದಲು ಒಂದು ಸಲ ರೀಸ್ಟಾರ್ಟ್...” ಎಂದು ಶುರುಮಾಡಿದರು.

ಚಿಕ್ಕಪ್ಪ ತಡೆದರು. “ಊದುಕುಲುಮೆಗೆ ರೀಸ್ಟಾರ್ಟ್ ಇಲ್ಲ ಮಾರಾಯ. ಒಮ್ಮೆ ಹಚ್ಚಿದರೆ ಹಗಲೂ ರಾತ್ರಿ ಉರಿಯಬೇಕು. ಆರಿದರೆ ಒಳಗಿನ ಕಬ್ಬಿಣ ಹೆಪ್ಪುಗಟ್ಟಿ ಕೂರುತ್ತೆ, ಆಮೇಲೆ ಅದನ್ನು ಒಡೆದೇ ತೆಗೆಯಬೇಕು. ಅದಕ್ಕೇ ನಾವು ಮುಟ್ಟುವ ಮೊದಲು ಯೋಚನೆ ಮಾಡೋದು ಕಲಿತದ್ದು. ಇದು ಯಾವತ್ತಿಂದ ಹೀಗಾಯ್ತು, ಅದು ಹೇಳು.”

ಮೂರು ಖಂಡಗಳಿಂದ ಅಷ್ಟು ದಿನ ನಡೆದ ಸಭೆಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅತ್ತೆ ಥಟ್ಟನೆ ಹೇಳಿದರು: “ಜನವರಿಯಿಂದ. ಮಕ್ಕಳೆಲ್ಲ ಬಂದುಹೋದ ಮೇಲೆ.”

ಆಮೇಲೆ ನಡೆದದ್ದು ಕ್ರಮದ ಕೆಲಸ. ಇವೆಂಟ್ ವ್ಯೂವರ್ ತೆರೆಸಿದರು. ಕಂಪ್ಯೂಟರಿಗೂ ಲಾಗ್‌ಬುಕ್ ಇದೆ ಎಂದು ತಿಳಿದು ಚಿಕ್ಕಪ್ಪನಿಗೆ ಅದರ ಮೇಲೆ ಗೌರವ ಹುಟ್ಟಿತು. ಲಾಗಿನ್ ಹೊತ್ತಿನಲ್ಲಿ ಯಾವ ಭಾಗ ತಡಮಾಡುತ್ತಿದೆ ಎಂದು ವಿನ್‌ಲಾಗಾನ್ 6005ನೇ ನಮೂದಿನಲ್ಲಿ ಹೆಸರು ಸಹಿತ ದೂರುತ್ತದೆ, 6006ರಲ್ಲಿ ಎಷ್ಟು ಸೆಕೆಂಡ್ ತಿಂದಿತು ಎಂದು ಲೆಕ್ಕ ಕೊಡುತ್ತದೆ. ಎರಡೂ ಅಲ್ಲಿ ಸಾಲುಸಾಲಾಗಿ ಕೂತಿದ್ದವು. ಮತ್ತೆ ‘ಎಂಎಸ್‌ಕಾನ್ಫಿಗ್’ ತೆರೆದು, ವಿಂಡೋಸಿನ ಸ್ವಂತ ಸರ್ವಿಸ್‌ಗಳನ್ನು ಮರೆಮಾಡಿ, ಹೊರಗಿನಿಂದ ಬಂದವನ್ನೆಲ್ಲ ಆಫ್ ಮಾಡಿಸಿದರು. ಆಗ ಒಂದು ರೀಸ್ಟಾರ್ಟಿಗೆ ಅನುಮತಿ ಸಿಕ್ಕಿತು. ಲಾಗಿನ್ ಸರಾಗವಾಯಿತು. ಅಂದರೆ ಕಳ್ಳ ಹೊರಗಿನವನು. ಅರ್ಧವನ್ನು ಆನ್ ಮಾಡು, ನೋಡು, ಬರೆ. ಉಳಿದ ಅರ್ಧ ಆನ್ ಮಾಡು, ನೋಡು, ಬರೆ. ಹೀಗೆ ಜರಡಿ ಹಿಡಿದಾಗ ಕೆಳಗೆ ಉಳಿದದ್ದು ಮಕ್ಕಳ ಪ್ರೀತಿ.

ಸಿಡ್ನಿಯಿಂದ ಬಂದವನು ಹಾಕಿದ ಒಂದು ಆಂಟಿವೈರಸ್, ಡಬ್ಲಿನ್ನಿನಿಂದ ಬಂದವಳು ಹಾಕಿದ ಇನ್ನೊಂದು, ನಮ್ಮವರು ಹಾಕಿದ ವೇಗ ಹೆಚ್ಚಿಸುವ ಸಾಫ್ಟ್‌ವೇರ್, ಮೊಮ್ಮಕ್ಕಳ ಆಟ, ಯಾವತ್ತೋ ಕೆಟ್ಟ ಪ್ರಿಂಟರಿನ ಸಹಾಯಕ, ಫೋಟೋಗಳನ್ನು ಆಕಾಶಕ್ಕೆ ಏರಿಸುವ ಮೂರು ಏರ್ಪಾಡುಗಳು. ಲಾಗಿನ್ ಆದ ಕ್ಷಣ ಎಲ್ಲವೂ ಒಟ್ಟಿಗೆ ಏಳುತ್ತಿದ್ದವು. ನಿಮಿಷಕ್ಕೆ 7200 ಸುತ್ತು ತಿರುಗುವ ಹಳೇ ಹಾರ್ಡ್ ಡಿಸ್ಕಿನಲ್ಲಿ ಓದುವ ಮುಳ್ಳು ಒಂದು ಹೊತ್ತಿಗೆ ಒಂದೇ ಕಡೆ ಇರಬಲ್ಲದು. ಇವರೆಲ್ಲರ ಕರೆಗೂ ಅದೊಂದೇ ಓಡಬೇಕು. ಸಾಲದ್ದಕ್ಕೆ ಎರಡು ಆಂಟಿವೈರಸ್‌ಗಳು ಒಂದನ್ನೊಂದು ಅನುಮಾನಿಸಿ ತಪಾಸಣೆ ಮಾಡುತ್ತಿದ್ದವು. ಅವುಗಳಲ್ಲೊಂದನ್ನು ಯಾರೋ ಅರ್ಧಂಬರ್ಧ ತೆಗೆದಿದ್ದರು. ಇಂಥ ಸಾಫ್ಟ್‌ವೇರ್ ಇಂಟರ್‌ನೆಟ್ಟಿನ ಹಾದಿಯ ನಡುವೆ ತನ್ನದೊಂದು ಚೌಕಿ ಹಾಕಿಕೊಳ್ಳುವುದುಂಟು. ಆ ಹಾದಿಗಳ ಪಟ್ಟಿ ಇರುವುದು ವಿನ್‌ಸಾಕ್‌ನಲ್ಲಿ. ಕಾವಲುಗಾರ ಹೋಗಿ ಚೌಕಿ ಮಾತ್ರ ಉಳಿದರೆ ಡಂಗುರದವನೂ ಅಲ್ಲಿ ಸಿಕ್ಕಿಬೀಳುತ್ತಾನೆ. ನಮ್ಮವರು ಈಸೂರಿನ ಹತ್ತಿರ ಕಳೆದುಕೊಂಡ ಆಜ್ಞೆ ಆ ಪಟ್ಟಿಯನ್ನು ಮೊದಲಿನಂತೆ ಮಾಡುವಂಥದ್ದೇ. ಮದ್ದು ಸರಿಯಾಗಿತ್ತು, ಆದರೆ ಕಾರಣ ತೆಗೆಯದೆ ಮದ್ದು ಹಾಕಿದ್ದರೆ ಮುಂದಿನ ತಿಂಗಳು ಮತ್ತೆ ಅದೇ ರಾಗ. ಚಿಕ್ಕಪ್ಪ ಮೊದಲು ಎರಡು ಆಂಟಿವೈರಸ್‌ಗಳನ್ನೂ ಪೂರ್ತಿ ತೆಗೆಸಿದರು. ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಮನೆಬಳಕೆಗೆ ಸಾಕು. ಆಮೇಲೆ ಆ ಆಜ್ಞೆ ಕೊಡಿಸಿದರು. ಊರುಗಳ ಹಂಗಿಲ್ಲದೆ ತಾವೇ ಒಂದೊಂದು ಅಕ್ಷರ ಒತ್ತಿದರು.

ಕೊನೆಗೆ ಮಾವನವರಿಗೆ ಅಡ್ಮಿನಿಸ್ಟ್ರೇಟರ್ ಖಾತೆಯ ಪಾಸ್‌ವರ್ಡ್ ಕೊಡಿಸಿ, ಉಳಿದವರ ಖಾತೆಗಳನ್ನೆಲ್ಲ ತೆಗೆಸಿದರು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ತಾರೀಖು, ಮಾಡಿದ್ದು, ಆದದ್ದು ಎಂದು ಮೂರು ಕಾಲಂ ಗೆರೆ ಎಳೆದು ಅತ್ತೆಯ ಕೈಗೆ ಕೊಟ್ಟರು. ಈಗ ಅತ್ತೆ ಸಹಸ್ರನಾಮದ ಧ್ಯಾನ ಶ್ಲೋಕ ಮುಗಿಸುವ ಮೊದಲೇ ಅಡಿಕೆ ದರ ಪರದೆಗೆ ಬರುತ್ತದೆ. ರಾಶಿ ಇಳಿದರೆ ಮಾವನವರು ಮೊದಲಿನಂತೆ ವ್ಯಥೆಪಡುತ್ತಾರೆ.

ಈ ಡಿಸೆಂಬರಿನಲ್ಲಿ ಊರಿಗೆ ಹೊರಟಿರುವ ಇಂಜಿನಿಯರ್ ಬಂಧುಗಳಲ್ಲಿ ಸೊಸೆಯಂದಿರ ಪರವಾಗಿ ಒಂದು ವಿನಂತಿ. ಚಾಕೊಲೇಟ್ ಒಯ್ಯಿರಿ, ಬಾದಾಮಿ ಒಯ್ಯಿರಿ, ಆಂಟಿವೈರಸ್ ಒಯ್ಯಬೇಡಿ. ಕೈ ಸುಮ್ಮನಿರದಿದ್ದರೆ ಆ ತಿರುಗುವ ಡಿಸ್ಕ್ ತೆಗೆದು ಒಂದು ಎಸ್‌ಎಸ್‌ಡಿ ಹಾಕಿ ಬನ್ನಿ. ಹಳೇ ಯಂತ್ರಕ್ಕೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಮುಂದೇನು ಎಂದು ಅಪ್ಪನ ಜೊತೆ ಕೂತು ತೀರ್ಮಾನಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿ. ಸಹಿ ಹಾಕದವರ ಹೆಸರು ಅತ್ತೆ ಬರೆದಿಟ್ಟುಕೊಳ್ಳುತ್ತಾರೆ.