ಸೋಗಾನೆ ವಿಮಾನಯಾನದಲ್ಲಿ ಧ್ವನಿತತ್ತ್ವ: ಒಂದು ತಾತ್ತ್ವಿಕ ಅನುಸಂಧಾನ

1. ಪೀಠಿಕೆ

ಶಿವಮೊಗ್ಗ, ಭದ್ರಾವತಿಗಳ ನಡುವೆ ಸೋಗಾನೆಯಲ್ಲಿರುವ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಗೊಂಡು, ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನವನ್ನು ಬರಮಾಡಿಕೊಂಡಿತು. ಕವಿಯ ಹೆಸರಿನ ನಿಲ್ದಾಣದಲ್ಲಿ ಟಿಕೆಟ್ಟನ್ನೂ ಕಾವ್ಯವೆಂದೇ ಓದಬೇಕೆಂಬುದು ಈ ಪ್ರಬಂಧದ ಪ್ರಮೇಯ. ಪೂರ್ವಸೂರಿಗಳು ಅಗ್ಗದ ವಿಮಾನವನ್ನು ಕೇವಲ ಸಾರಿಗೆಯ ನೆಲೆಯಲ್ಲಿ ಮುಖಾಮುಖಿಯಾಗಿರುವುದರಿಂದ ಅದರ ಸಂಕಥನಾತ್ಮಕ ಬಹುತ್ವ ಅವರಿಗೆ ದಕ್ಕಿಲ್ಲ.

2. ದರದ ತ್ರಿವಿಧಾರ್ಥ

ಅ) ವಾಚ್ಯಾರ್ಥ: ಜಾಹೀರಾತಿನ ದಪ್ಪಕ್ಷರದ ದರ. ಇಷ್ಟಕ್ಕೇ ಹಾರಿದವರು ಸಂಶೋಧಕನಿಗೆ ಸಿಕ್ಕಿಲ್ಲ.

ಆ) ಲಕ್ಷ್ಯಾರ್ಥ: ತೆರಿಗೆ, ನಿಲ್ದಾಣದ ಶುಲ್ಕಗಳ ಸಂಸರ್ಗದಿಂದ ಹೊಳೆಯುವುದು.

ಇ) ವ್ಯಂಗ್ಯಾರ್ಥ: ಸಹೃದಯನಿಗೆ ಮಾತ್ರ, ಅದೂ ಹಣ ಕಟ್ಟುವ ಕೊನೆಯ ಪುಟದಲ್ಲಿ ಸ್ಫುರಿಸುವುದು. ಕಿಟಕಿ ಸೀಟು, ತಿಂಡಿ, ವಿಮೆ, ‘ಕನ್ವೀನಿಯೆನ್ಸ್ ಫೀ’ ಇದರ ಉಪಾಂಗಗಳು.

3. ರಸನಿಷ್ಪತ್ತಿ

ಅ) ಭಯಾನಕ: ಆಷಾಢದ ಮೋಡದೊಳಗೆ ಎಟಿಆರ್ ವಿಮಾನ ಕುಲುಕಿದಾಗ ಉಂಟಾಗುವುದು. ಸ್ಥಾಯೀಭಾವ ಭಯ; ಅನುಭಾವ, ಮುಂದಿನ ಸೀಟಿನವರ ಮಂತ್ರಪಠನ.

ಆ) ಕರುಣ: ತೂಕದ ಯಂತ್ರದ ಮುಂದೆ.

“ಅಜ್ಜಿ, ಎರಡು ಕೆಜಿ ಜಾಸ್ತಿ ಇದೆ. ದುಡ್ಡು ಕಟ್ಟಬೇಕು.”

“ಮಗಳಿಗೆ ಮಿಡಿ ಉಪ್ಪಿನಕಾಯಿ ಕಣಪ್ಪಾ. ಕೈಯಲ್ಲೇ ಹಿಡ್ಕೊಂತೀನಿ.”

“ಕೈಚೀಲದಲ್ಲಿ ಬಿಡಲ್ಲ ಅಜ್ಜಿ.”

ಅಜ್ಜಿ ಭರಣಿಗೆ ಸುತ್ತಿದ್ದ ಟವೆಲ್ ಬಿಚ್ಚಿ, ಎಣ್ಣೆ ಜಿನುಗಿದ ಮುಚ್ಚಳವನ್ನು ಸೆರಗಿನಲ್ಲಿ ಒರೆಸಿ, ತಮ್ಮನ್ನು ಬಿಡಲು ಬಂದಿದ್ದ ಮೊಮ್ಮಗನ ಕೈಗೆ ಅದನ್ನು ವಾಪಸು ಕೊಟ್ಟರು.

ಉಳಿದ ಏಳು ರಸಗಳನ್ನು ಓದುಗರೇ ತುಂಬಿಕೊಳ್ಳಲಿ. ನನಗೀಗ ಬರುತ್ತಿರುವುದು ರೌದ್ರ ಒಂದೇ. ಯಾರ ಅನುಕೂಲಕ್ಕೆ ಈ ‘ಕನ್ವೀನಿಯೆನ್ಸ್’? ಹೆಸರು ಟೈಪ್ ಮಾಡಿದವರು ನಾವು, ಒಟಿಪಿಗೆ ಕಾದವರು ನಾವು. ನಮ್ಮ ಚಾಕರಿಗೆ ನಾವೇ ಕೂಲಿ ಕೊಡಬೇಕೆ? ತುರ್ತು ಬಾಗಿಲಿನ ಪಕ್ಕ ಕೂರಲಿಕ್ಕೂ ಹೆಚ್ಚಿನ ದರವಂತೆ!

ಇನ್ನು ಸುರಕ್ಷತೆಯ ಮಾತು. 2010ರ ಮೇ 22ರಂದು ಮಂಗಳೂರಿನಲ್ಲಿ ದುಬೈಯಿಂದ ಬಂದ ಕಡಿಮೆ ದರದ ವಿಮಾನವೊಂದು ರನ್‌ವೇ ದಾಟಿ ಕಮರಿಗೆ ಬಿದ್ದು 158 ಜನ ಸತ್ತರು. ಹಾರಾಟದಲ್ಲಿ ಬಹುಹೊತ್ತು ನಿದ್ರಿಸಿದ ಕ್ಯಾಪ್ಟನ್‌ನ ಮಂಪರನ್ನೂ ತನಿಖಾ ವರದಿ ಎತ್ತಿ ಹೇಳಿತು. ನೀರಿನ ಬಾಟಲಿಗೂ ಬಿಲ್ಲಿನಲ್ಲಿ ಸಾಲಿದೆ; ಪೈಲಟ್‌ನ ವಿಶ್ರಾಂತಿಗೆಷ್ಟು, ಎಂಜಿನ್ ತಪಾಸಣೆಗೆಷ್ಟು ಎಂಬ ಸಾಲಿಲ್ಲ.

4. ಉಪಸಂಹಾರ

ಹಾಗಾದರೆ ಹತ್ತುವುದೇಕೆ? ಭದ್ರಾವತಿಯನ್ನು ಕೇಳಿ. ಎಂಪಿಎಂ ಕಾಗದ ಕಾರ್ಖಾನೆ ನಿಂತಿತು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನ ಬಂತು, ಕಾರ್ಮಿಕರು ಧರಣಿ ಕೂತರು. ಮರುತಿಂಗಳೇ ಪಕ್ಕದಲ್ಲಿ ವಿಮಾನ ನಿಲ್ದಾಣ ತೆರೆಯಿತು. ಮಕ್ಕಳು ಅನ್ನ ಹುಡುಕಿ ದೂರ ಹೋದರು. ಅವರಿಗೆ ಹೆರಿಗೆಯೋ ಕಾಯಿಲೆಯೋ ಎಂದಾಗ ಹೆತ್ತವರು ಭಯ, ಬಿಲ್ಲು ಎರಡನ್ನೂ ನುಂಗಿಕೊಂಡು ಹಾರುತ್ತಾರೆ. ಆ ಅವಸರವೇ ಕಂಪನಿಗಳ ಬಂಡವಾಳ.

ಸ್ವಾಮೀ, ಪೂರ್ತಿ ದರವನ್ನು ಮೊದಲ ಪುಟದಲ್ಲೇ ಒಂದೇ ಸಲ ಹೇಳಿಬಿಡಿ. ಭದ್ರಾವತಿ ಬಸ್ಸಿನ ಕಂಡಕ್ಟರ್ ದಿನಾ ಅದನ್ನೇ ಮಾಡುತ್ತಾನೆ.