ನಿವೃತ್ತ ಬಾತುಪಾಲಕರು

ಮೈಸೂರಿನಂಥ ಊರಿನ ಹೊರವಲಯದ ಬಡಾವಣೆಗಳಲ್ಲಿ, ಬ್ಯಾಂಕಿನ ಮ್ಯಾನೇಜರಾಗಿ ನಿವೃತ್ತರಾಗಿ, ಬೆಳಗಿನ ವಾಕಿಂಗು, ಹಿರಿಯ ನಾಗರಿಕರ ಸಂಘ, ಅಮೆರಿಕದ ಮಗನ ವಿಡಿಯೊ ಕರೆ ಈ ಮೂರೂ ಸೇರಿದರೂ ತುಂಬದ ದಿನವನ್ನು ಎದುರಿಗಿಟ್ಟುಕೊಂಡು ಕುಳಿತ ಮಹನೀಯರ ವರ್ಗವೊಂದಿದೆ. ಆ ವರ್ಗದಲ್ಲಿ ಸಂಖ್ಯೆಯಿಂದ ಚಿಕ್ಕದಾದರೂ ಸದ್ದಿನಿಂದ ದೊಡ್ಡದಾದ ಒಳಪಂಗಡವೊಂದನ್ನು ಬಾತುಪಾಲಕರೆಂದು ಕರೆಯಬಹುದು. ಬಾತುಪಾಲಕರೆಂದರೆ ಬಾತು ಸಾಕಿ ಮಾರುವವರಲ್ಲ. ನಡೆಯಲಾರದ ಒಂದೇ ಒಂದು ಬಾತುಕೋಳಿಯನ್ನು ಎತ್ತಿ ತಂದು, ಅದರ ಸೇವೆಗೆ ಇಡೀ ಮನೆಯನ್ನು ನಿಯೋಜಿಸಿಕೊಂಡವರು.

ಬಾತು ಬರುವ ದಾರಿ ಹೆಚ್ಚುಕಡಿಮೆ ಗೊತ್ತಾದದ್ದೇ. ಕೊಯ್ಲಾದ ಭತ್ತದ ಗದ್ದೆಗಳಲ್ಲಿ ಉದುರಿದ ಕಾಳನ್ನೂ ಬಸವನಹುಳುವನ್ನೂ ಮೇಯಿಸುತ್ತ ಊರೂರು ಸಾಗುವ ಮಂದೆಯವರು, ಮಂದೆಯ ಸಮಕ್ಕೆ ಹೆಜ್ಜೆ ಹಾಕಲಾರದ ಮರಿಯನ್ನು ಬದುವಿನ ಮೇಲೆ ಬಿಟ್ಟು ಮುಂದೆ ಹೋಗಿರುತ್ತಾರೆ. ನೆಂಟರ ಗೃಹಪ್ರವೇಶದಿಂದ ಮರಳುತ್ತಿದ್ದ ನಮ್ಮ ಮಹನೀಯರು ಅಲ್ಲಿಯೇ ಕಾರು ನಿಲ್ಲಿಸಿರುತ್ತಾರೆ. ‘ಒಂದೆರಡು ದಿನದ ಮಟ್ಟಿಗೆ’ ಎಂಬ ಆಶ್ವಾಸನೆಯೊಂದಿಗೆ ಮರಿಯು ಮನೆಯಾಕೆಯ ಮಡಿಲಿಗೆ ಬರುತ್ತದೆ. ಗೃಹಪ್ರವೇಶದಲ್ಲಿ ತಾಂಬೂಲದ ಜೊತೆ ಕೊಟ್ಟ ಸ್ಟೀಲ್ ಬಟ್ಟಲು ಅಂದೇ ಅದರ ನೀರಿನ ಪಾತ್ರೆಯಾಗುತ್ತದೆ.

ಮೂರನೆಯ ದಿನದ ಹೊತ್ತಿಗೆ ಪಾಲಕರು ವಿದ್ವಾಂಸರಾಗಿರುತ್ತಾರೆ. ಬಾತುಮರಿಯ ಕಾಲು ಬಿಲ್ಲಿನಂತೆ ಬಾಗಿ, ನೋಡುವವರಿಗೆ ಮೊಣಕಾಲೆಂದು ತೋರುವ, ವಾಸ್ತವದಲ್ಲಿ ಹಿಮ್ಮಡಿಯ ಗಂಟಾದ ಕೀಲು ಊದಿಕೊಳ್ಳಲು ನಿಯಾಸಿನ್, ಅಂದರೆ ಬಿ ಗುಂಪಿನ ಮೂರನೆಯ ಜೀವಸತ್ವದ ಕೊರತೆಯೇ ಬಹುಮಟ್ಟಿಗೆ ಕಾರಣವೆಂದೂ, ಬ್ರಾಯ್ಲರ್ ಕೋಳಿಮರಿಗೆ ಕಿಲೊ ಆಹಾರದಲ್ಲಿ 35 ಮಿಲಿಗ್ರಾಂ ಸಾಕಾದರೆ ಬಾತುಮರಿಗೆ ಸುಮಾರು 55 ಬೇಕೆಂದೂ, ಆದ್ದರಿಂದ ಕೋಳಿಯ ಆಹಾರವನ್ನಷ್ಟೇ ತಿಂದ ಮರಿ ಕಾಲು ಕಳೆದುಕೊಳ್ಳಬಹುದೆಂದೂ ಅವರು ತರಕಾರಿ ಗಾಡಿಯವನನ್ನು ಮೊದಲ್ಗೊಂಡು ಎದುರಿಗೆ ಸಿಕ್ಕವರಿಗೆಲ್ಲ ವಿವರಿಸುತ್ತಾರೆ. ಬೇಗ ಕೊಟ್ಟರೆ ಗುಣ ಕಾಣುತ್ತದೆ, ಮೂಳೆ ವಕ್ರವಾಗಿಯೇ ಬಲಿತ ಮೇಲೆ ತಿರುಗಿ ನೆಟ್ಟಗಾಗುವುದು ಕಷ್ಟ ಎಂಬ ಪಶುವೈದ್ಯರ ಮಾತಿನಲ್ಲಿ ಅವರಿಗೆ ಕೇಳಿಸುವುದು ಮೊದಲರ್ಧ ಮಾತ್ರ. ನಿಯಾಸಿನ್ ಧಾರಾಳವಾಗಿರುವ ಬ್ರೂವರ್ಸ್ ಯೀಸ್ಟ್ ಬಿಯರ್ ತಯಾರಿಕೆಯಿಂದ ಬರುವ ಪುಡಿ. ಅದರಲ್ಲಿ ಅಮಲಿನ ಅಂಶವೇನೂ ಉಳಿದಿರುವುದಿಲ್ಲ. ಆದರೂ ಏಕಾದಶಿ ತಪ್ಪಿಸದ ತಾಯಿಯವರಿಗೆ ಅದು ಔಷಧಿ ಪುಡಿಯೆಂದಷ್ಟೇ ತಿಳಿದಿರುವುದು ಕ್ಷೇಮ.

ಇಲ್ಲಿಂದ ಮುಂದೆ ಶುಶ್ರೂಷೆಯು ಆಡಳಿತದ ಸ್ವರೂಪ ಪಡೆಯುತ್ತದೆ. ಸದಾ ಕುಳಿತೇ ಇರುವ ಬಾತಿಗೆ ಎದೆಮೂಳೆಯ ಏಣಿನ ಮೇಲೆ ಹುಣ್ಣಾಗುವುದುಂಟು. ಅದನ್ನು ತಪ್ಪಿಸಲು ಸ್ಟೂಲೊಂದನ್ನು ತಲೆಕೆಳಗು ಮಾಡಿ, ಅದರ ನಾಲ್ಕು ಕಾಲಿಗೆ ಹಳೆಯ ಪಂಚೆ ಬಿಗಿದು, ಪಂಚೆಯಲ್ಲಿ ಎರಡು ತೂತು ತೆಗೆದು, ಪಾದವು ಕೆಳಗಿನ ಹಲಗೆಯನ್ನು ಅಷ್ಟಿಷ್ಟು ಸೋಕುವಂತೆ ಬಾತನ್ನು ತೂಗುಬಿಡಲಾಗುತ್ತದೆ. ದಿನಕ್ಕೆರಡು ಬಾರಿ ಜಲಚಿಕಿತ್ಸೆ, ಎಂದರೆ ಮೈಭಾರವನ್ನು ನೀರಿಗೆ ವಹಿಸಿ ಕಾಲಾಡಿಸಲು ಕಲಿಸುವ ಉಪಾಯ, ಮನೆಯಲ್ಲಿರುವ ಏಕೈಕ ಬಾತ್‌ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ನಡೆಯುತ್ತದೆ. ಆರೋಗ್ಯವಂತ ಬಾತು ಬಾಲದ ಬುಡದ ಗ್ರಂಥಿಯಿಂದ ಕೊಕ್ಕಿನಲ್ಲಿ ಜಿಡ್ಡು ತೆಗೆದು ಗರಿಗೆ ಸವರಿಕೊಳ್ಳುವುದರಿಂದ ನೆನೆಯುವುದಿಲ್ಲ. ಕಾಯಿಲೆಯ ಬಾತಿಗೆ ಅಷ್ಟು ಓರಣ ಸಾಧ್ಯವಾಗದೆ ಗರಿ ನೀರು ಹೀರಿ ಚಳಿ ಹಿಡಿಯುವ ಭಯವಿದೆ. ಆದುದರಿಂದ ಮಗಳ ಮದುವೆಗೆ ಕೊಂಡ ಹೇರ್ ಡ್ರೈಯರ್ ಈಗ ಪಕ್ಷಿಯ ಸ್ವತ್ತು. ಬದುಕಿನಲ್ಲಿ ಒಮ್ಮೆಯೂ ತಮ್ಮ ಸ್ನಾನಕ್ಕೆ ತಾವೇ ನೀರು ತೋಡಿಕೊಳ್ಳದ ಮಹನೀಯರು ಮೊಣಕೈ ಅದ್ದಿ ಬಿಸಿ ನೋಡುವುದನ್ನು ಮನೆಯಾಕೆ ಬಾಗಿಲಲ್ಲಿ ನಿಂತು, ಮಾತಾಡದೆ, ನೋಡುತ್ತಾರೆ.

ಇಷ್ಟೆಲ್ಲಕ್ಕೂ ರಿಜಿಸ್ಟರಿದೆ. ಸಮಯ, ಆಹಾರ, ಹಿಕ್ಕೆಯ ಬಣ್ಣ, ಷರಾ ಎಂದು ಗೆರೆ ಹೊಡೆದ ಈ ಪುಸ್ತಕದಲ್ಲಿ ಪ್ರತಿ ಪುಟದ ಕೊನೆಗೆ ಪಾಲಕರ ಸಹಿ ಬೀಳುತ್ತದೆ. ಅವರು ಪೇಟೆಗೆ ಹೋದ ದಿನ ಮನೆಯಾಕೆ ‘ಪರವಾಗಿ’ ಎಂದು ಬರೆದು ಸಹಿ ಮಾಡಬೇಕಾಗುತ್ತದೆ.

ಪ್ರಾಣಿವರ್ತನೆಯ ಅಧ್ಯಯನಕ್ಕಾಗಿ 1973ರ ನೊಬೆಲ್ ಪ್ರಶಸ್ತಿಯನ್ನು ಇಬ್ಬರೊಡನೆ ಹಂಚಿಕೊಂಡ ಕಾನ್ರಾಡ್ ಲೊರೆನ್ಸ್, ಮೊಟ್ಟೆಯೊಡೆದು ಬಂದ ಹೆಬ್ಬಾತಿನ ಮರಿಗಳು ಮೊದಲು ಕಂಡ ಚಲಿಸುವ ವಸ್ತುವನ್ನೇ ತಾಯಿಯೆಂದು ಬಗೆದು ಹಿಂಬಾಲಿಸುವುದನ್ನು ವಿವರಿಸಿದರು. ಅವರ ಹಿಂದೆ ಮರಿಗಳು ಸಾಲುಗಟ್ಟಿ ನಡೆದವು. ನಮ್ಮ ಬಡಾವಣೆಯಲ್ಲಿ ಮರಿಗೆ ನಡೆಯಲು ಕಾಲಿಲ್ಲದ ಕಾರಣ, ಹಿಂಬಾಲಿಸುವ ಕೆಲಸವನ್ನು ಪಾಲಕರೇ ವಹಿಸಿಕೊಂಡಿರುತ್ತಾರೆ. ಬಾತು ಗುಂಪಿನಲ್ಲಿ ಬಾಳುವ ಪಕ್ಷಿಯಾದ್ದರಿಂದ, ಕಣ್ಣಳತೆಯಲ್ಲಿ ಯಾರೂ ಇಲ್ಲದಿದ್ದರೆ ಬೀದಿಯ ಕೊನೆಯವರೆಗೆ ಕೇಳುವಂತೆ ಕೂಗುತ್ತದೆ. ಮನೆಯಾಕೆಯ ಡ್ರೆಸ್ಸಿಂಗ್ ಟೇಬಲ್ಲಿನ ಕನ್ನಡಿಯನ್ನು ಅದರೆದುರು ಇಟ್ಟರೂ ಸಮಾಧಾನ ಅರ್ಧ ಗಂಟೆಯದು. ಪರಿಣಾಮವಾಗಿ ದಂಪತಿಗಳು ಮದುವೆಗೆ ಸರದಿಯ ಮೇಲೆ ಹೋಗುತ್ತಾರೆ: ಒಬ್ಬರು ಧಾರೆಗೆ, ಇನ್ನೊಬ್ಬರು ಆರತಕ್ಷತೆಗೆ. ಅಮೆರಿಕಕ್ಕೆ ಬರಲು ಮಗ ಕಳಿಸಿದ ಟಿಕೆಟ್ಟು ರದ್ದಾಗುತ್ತದೆ. ಸರಿಯಾಗಿ ಲೆಕ್ಕ ಹಾಕಿದರೆ, ಆ ಮನೆಯಲ್ಲಿ ಕಾಲಿಗೆ ಕಟ್ಟುಬಿದ್ದವರಲ್ಲಿ ಬಾತುವಿನದು ಮೂರನೆಯ ಸ್ಥಾನ.

ಕುತೂಹಲದ ಘಟ್ಟವೊಂದು ಆರನೆಯ ತಿಂಗಳ ಸುಮಾರಿಗೆ ಬರುತ್ತದೆ. ಗಂಡು ಬಾತಿನ ದನಿ ಗೊಗ್ಗರು, ಬಾಲದ ಗರಿ ಮೇಲಕ್ಕೆ ಸುರುಳಿ. ಗಟ್ಟಿಯಾಗಿ ಕೂಗುವುದು ಹೆಣ್ಣು. ಇಷ್ಟೆಲ್ಲ ಬಲ್ಲ ಪಾಲಕರು ತಮ್ಮ ಬಾತಿಗೆ ‘ಸುಂದರೇಶ’ ಎಂದು ಹೆಸರಿಟ್ಟು, ಅದರ ಕೂಗನ್ನು ಗಂಡಸ್ತನವೆಂದೇ ಹೊಗಳಿರುತ್ತಾರೆ. ಒಂದು ಬೆಳಗ್ಗೆ ಪಂಚೆಯ ತೊಟ್ಟಿಲಲ್ಲಿ ಕೋಳಿಮೊಟ್ಟೆಗಿಂತ ದಪ್ಪನಾದ, ಬೆಚ್ಚಗಿನ ಮೊಟ್ಟೆ ಇರುತ್ತದೆ. ಈರುಳ್ಳಿಯನ್ನೂ ಹಿಂದಿನ ಬಾಗಿಲಿಂದ ತರುವ ಮನೆಯದು. ಮೊಟ್ಟೆಯನ್ನು ಯಾರು ಮುಟ್ಟಬೇಕು, ಎಲ್ಲಿಡಬೇಕು, ಸುಂದರೇಶನ ಹೆಸರಿಗೆ ಏನು ಮಾಡಬೇಕು ಎಂಬ ಚರ್ಚೆ ಕಾಫಿ ಆರುವವರೆಗೆ ನಡೆದು, ಹಾಲಿನ ಹುಡುಗ ಅದನ್ನು ಪೇಪರಿನಲ್ಲಿ ಸುತ್ತಿ ಒಯ್ಯುತ್ತಾನೆ. ಪಾಲಕರು ರಿಜಿಸ್ಟರು ತೆರೆದು, ಅದಕ್ಕೆ ಪ್ರತ್ಯೇಕ ಕಾಲಂ ಇಲ್ಲದ್ದರಿಂದ ಕೊಂಚ ಯೋಚಿಸಿ, ‘ಇತರೆ ಜಮೆ: ಒಂದು’ ಎಂದು ಬರೆದುಕೊಳ್ಳುತ್ತಾರೆ.